ಒಂಬತ್ತು ಮಕ್ಕಳ ಕಲ್ಲು

5 ಏಪ್ರಿಲ್ 2015, ಭಾನುವಾರ

ಗುರುವಾರದ ಬಿರುಗಾಳಿಯ ಧೂಳು ಇನ್ನೂ ಹೋಗಿಲ್ಲ. ಬೆಳಿಗ್ಗೆ ಎರಡು ಗಂಟೆ ಶೆಡ್ಡು ಗುಡಿಸಿದ್ದೇ ಆಯಿತು. ಅಚ್ಚಿನ ಮೇಲೆ ಒಂದು ಕಣ ಮರಳು ಕೂತರೂ ಎರಕದಲ್ಲಿ ಗುಳ್ಳೆ ಬರುತ್ತದೆ. ಎಷ್ಟು ಸಲ ಹೇಳಿದರೂ ಅಷ್ಟೇ — ಹುಡುಗರು ಬಾಗಿಲು ಹಾರುಹೊಡೆದು ಚಹಾಕ್ಕೆ ಹೋಗುತ್ತಾರೆ.

ಹೊಸ ಕೆಲಸ ಬಂತು. ಅಲಿಕುಂಞಿ ಸಾಹೇಬರ ಮುಖ ಊರಗಲ. ಅವರು ಉಳ್ಳಾಲದಿಂದ ಗಲ್ಫಿಗೆ ಬಂದು ರಾಸ್ ಅಲ್ ಖೋರಿನಲ್ಲಿ ಈ ವರ್ಕ್‌ಶಾಪ್ ಹಾಕಿದ ದಿನದಿಂದ ನೋಡುತ್ತಿದ್ದೇನೆ, ಈ ಮನುಷ್ಯ ಯಾವ ಕೆಲಸಕ್ಕೂ ‘ಮಾಫಿ’, ಆಗುವುದಿಲ್ಲ ಅಂದವರಲ್ಲ. ಹೋಟೆಲಿಗೆ ಫೈಬರ್ ಕುದುರೆ, ಮಾಲ್‌ಗೆ ತಾಳೆಮರ, ವಿಲ್ಲಾಗಳಿಗೆ ಕಂಬ. ‘ಮಾಡುವ’ ಅನ್ನುವುದು ಅವರು. ಮಾಡುವುದು ನಾನು.

“ಮೋಹನದಾಸ್ರೆ, ಈ ಸಲ ಕುದುರೆ ಅಲ್ಲ. ಸಮಾಧಿ ಕಲ್ಲು.”

“ಯಾರದ್ದು ಸಾಹೇಬ್ರೆ?”

“ಆಸ್ಟ್ರಿಯಾದ ಒಬ್ಬ ದೊಡ್ಡ ಮನುಷ್ಯನದ್ದು. ಸತ್ತು ಐನೂರು ವರ್ಷ ಆಯ್ತಂತೆ. ಈಗ ಅರ್ಜೆಂಟ್ ಎಂತಕ್ಕೆ ಅಂತ ನನ್ನತ್ರ ಕೇಳ್ಬೇಡಿ.”

ಅಬುಧಾಬಿಯಲ್ಲಿ ಎಕ್ಸಿಬಿಷನ್. ಹಳೇ ಕಾಲದ ಯೂರೋಪಿನ ಕೋಟೆ, ಕತ್ತಿ, ಊಟದ ತಟ್ಟೆ ಎಲ್ಲ ಬರುತ್ತದಂತೆ. ಈ ಕಲ್ಲು ಮಾತ್ರ ಅಲ್ಲಿನ ಇಗರ್ಜಿಯ ಗೋಡೆಯಲ್ಲಿ ಕೂತಿದೆ, ಕೀಳಲು ಆಗುವುದಿಲ್ಲ. ಹಾಗಾಗಿ ಸ್ಕ್ಯಾನ್ ಮಾಡಿ, ಮೆಷಿನ್‌ನಲ್ಲಿ ಫೋಮ್ ಕೊರೆದು ಕಳಿಸಿದ್ದಾರೆ. ಏಳು ಅಡಿ ಎತ್ತರ, ನಾಲ್ಕು ಅಡಿ ಅಗಲ. ಕೈಯಲ್ಲಿ ಫಿನಿಶಿಂಗ್, ಅಚ್ಚು, ಎರಕ, ಕೆಂಪು ಕಲ್ಲಿನ ಬಣ್ಣ — ಎಲ್ಲ ನಮ್ಮದು. ಒಂದೂವರೆ ತಿಂಗಳು.

ಮನೆಗೆ ಬಂದರೆ ಹೆಂಡತಿ ಚಂದ್ರಮತಿಯ ಮುಖ ಬಾಡಿತ್ತು. ಊರಿನಿಂದ ಅವಳ ಅಣ್ಣನ ಫೋನ್ ಇತ್ತಂತೆ. ಏನೋ ಹೇಳಲಿಕ್ಕಿದೆ ಎಂದು ಸಾರು ಬಡಿಸುವಾಗಲೇ ಗೊತ್ತಾಯಿತು. ಕೇಳಲಿಲ್ಲ.

7 ಏಪ್ರಿಲ್, ಮಂಗಳವಾರ

ಕಡೆಗೂ ಹೇಳಿದಳು.

ನಮ್ಮ ಮಗ ರಿತೇಶನಿಗೆ ನೋಡಿದ್ದ ಮೂಡಬಿದ್ರೆಯ ಹುಡುಗಿಯ ಸಂಬಂಧವೂ ತಪ್ಪಿತು. ಮೂರನೆಯದು. ಒಂದಕ್ಕೆ ಜಾತಕ ಆಗಲಿಲ್ಲ, ಒಂದಕ್ಕೆ ಅವರ ಮನೆಯಲ್ಲಿ ಸಾವು, ಇವರು ಕಾರಣವೇ ಹೇಳಿಲ್ಲ. ಅವಳ ಅಣ್ಣ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರಂತೆ. ನನ್ನನ್ನು ಕೇಳದೆ.

“ಮನೆಯಲ್ಲಿ ದೊಡ್ಡವಳು ಮದುವೆಗೆ ಉಂಟು, ಅವಳನ್ನು ಬಿಟ್ಟು ತಮ್ಮನಿಗೆ ಮಾಡ್ಲಿಕ್ಕೆ ಹೊರಟಿದ್ದೀರಿ ಅಂತ ಬಂತಂತೆ.”

“ಯಾವ ದೊಡ್ಡವಳು?” ಅಂದೆ. ಗೊತ್ತಿದ್ದೂ ಅಂದೆ.

ನನ್ನ ಮುಖ ನೋಡಿದಳು. ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದಲೇ — “ವಿಟ್ಲದ ಕಡೆ ಒಂದು ಹುಡುಗ ಸಿಕ್ಕಿದ್ದಾನೆ. ಎರಡು ವರ್ಷ ಇರುವಾಗ ಜ್ವರ ಬಂದು ತೀರಿಹೋದದ್ದು. ಬರಿ-ಗೋತ್ರವೂ ಬೇರೆ ಆಗ್ತದೆ. ಆಟಿ ತಿಂಗಳಲ್ಲಿ ಮಾಡುವ ಅಂತಾರೆ ಅಣ್ಣ. ಧಾರೆ ಎರೀಲಿಕ್ಕೆ ನೀವು ಬೇಕು.”

ಕುಲೆ ಮದುವೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೇ ಒಂದು ನೋಡಿದ್ದೇನೆ, ದೊಡ್ಡತ್ತೆಯದ್ದು. ಮಗುವಾಗಿ ಸತ್ತವರು ಆ ಕಡೆಯಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಕೇಳುತ್ತಾರೆ. ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವನ್ನು ಹುಡುಕಿ ಮದುವೆ ಮಾಡುವುದು. ಮಣೆಯ ಮೇಲೆ ಸೀರೆ, ಬಳೆ, ಕರಿಮಣಿ. ಕೆಲವರು ಬೊಂಬೆಯೂ ಇಡುತ್ತಾರೆ. ನೆಂಟರು ಬಂದು ಊಟ ಮಾಡಿ ಹೋಗುತ್ತಾರೆ, ಬದುಕಿರುವವರ ಮದುವೆಯ ಹಾಗೆಯೇ.

ಆಗುವುದಿಲ್ಲ ಎಂದೆ. ಯಾವ ಕಾಲದಲ್ಲಿ ಇದ್ದೀರಿ ಎಂದು ಕೂಗಾಡಿದೆ.

ಇಲ್ಲಿ ಬರೆಯುವುದಕ್ಕೇನು, ಯಾರು ಓದುತ್ತಾರೆ. ನಂಬಿಕೆಯ ಪ್ರಶ್ನೆ ಅಲ್ಲ. ಧಾರೆ ಎರೆಯಬೇಕಾದರೆ ಅಪ್ಪನಾಗಿರಬೇಕು. ನಾನು ಆ ಮಗುವನ್ನು ಕಂಡೇ ಇಲ್ಲ.

1988 ನವೆಂಬರ್. ಇಲ್ಲಿಗೆ ಬಂದು ಎಂಟು ತಿಂಗಳು ಆಗಿತ್ತಷ್ಟೇ. ಕ್ಯಾಂಪಿಗೆ ಟೆಲಿಗ್ರಾಂ ಬಂತು — ಮಗು ತೀರಿಹೋಯಿತು. ಹುಟ್ಟಿದ್ದೇ ನನಗೆ ಗೊತ್ತಿರಲಿಲ್ಲ. ಹೆಣ್ಣು ಮಗು, ತಾಯಿ ಮಗು ಕ್ಷೇಮ ಎಂದು ಮಾವ ಬರೆದ ಕಾಗದ ನಾಲ್ಕು ದಿನ ಕಳೆದು ಬಂತು. ಒಂಬತ್ತು ದಿನ ಬದುಕಿತ್ತು. ತೊಟ್ಟಿಲಿಗೆ ಹಾಕಿಲ್ಲ, ಹೆಸರಿಟ್ಟಿಲ್ಲ. ನಾನು ಊರಿಗೆ ಹೋದದ್ದು ಹದಿನಾಲ್ಕು ತಿಂಗಳ ಮೇಲೆ. ಬಾಣಂತಿ ಕೋಣೆಯಲ್ಲಿ ಭತ್ತದ ಗೋಣಿ ತುಂಬಿದ್ದರು. ಚಂದ್ರಮತಿ ಹೇಳಲಿಲ್ಲ. ನಾನು ಕೇಳಲಿಲ್ಲ. ಆಮೇಲೆ ರಿತೇಶ ಹುಟ್ಟಿದ. ಯಾವ ಫಾರ್ಮ್ ತುಂಬಿಸಿದರೂ ಮಕ್ಕಳು — 1.

12 ಏಪ್ರಿಲ್, ಭಾನುವಾರ

ಫೋಮ್ ಪೀಸು ಶೆಡ್ಡಿನ ಮಧ್ಯ ಮಲಗಿಸಿದ್ದೇವೆ. ಒಳ್ಳೆಯ ಕೆತ್ತನೆ. ಎಡಗಡೆ ಕಬ್ಬಿಣದ ಅಂಗಿ ತೊಟ್ಟ ಗಂಡಸು ಮಂಡಿಯೂರಿ ಕೈಮುಗಿದಿದ್ದಾನೆ. ಬಲಗಡೆ ಹೆಂಡತಿ, ತಲೆಗೆ ಬಟ್ಟೆ. ಅವನ ಹಿಂದೆ ಗಂಡುಮಕ್ಕಳು ಸಾಲಾಗಿ, ಇವಳ ಹಿಂದೆ ಹೆಣ್ಣುಮಕ್ಕಳು. ಶಾಲೆಯ ಗ್ರೂಪ್ ಫೋಟೋದ ಹಾಗೆ. ಮಕ್ಕಳ ಮುಖ ಎಲ್ಲ ಒಂದೇ. ಶಿಲ್ಪಿಗೆ ಉದಾಸೀನ ಆಗಿರಬೇಕು. ನಾನಾದರೆ ಒಂದೊಂದು ಮೂಗು ಬೇರೆ ಮಾಡುತ್ತಿದ್ದೆ. ಕುಂಬಾರರ ಮನೆಯವನು, ಒಂದೇ ರೀತಿಯ ಎರಡು ಮಡಕೆ ಅಪ್ಪನೂ ಮಾಡಿದವರಲ್ಲ.

ಜೊತೆಗೆ ಎರಡು ಹಾಳೆ ಇಂಗ್ಲಿಷ್ ಕೊಟ್ಟಿದ್ದಾರೆ. ಬಸ್ಸಿನಲ್ಲಿ ಓದಿದೆ. ಕೊನ್ರಾಡ್ ಫಾನ್ ಹಾಸಲ್‌ಸ್ಟೈನ್. ಬಾಯಲ್ಲಿ ಪುರಿ ಇಟ್ಟುಕೊಂಡು ಹೇಳಿದರೆ ಸರಿ ಬರುತ್ತದೆ. ಡಾನ್ಯೂಬ್ ನದಿಯ ಹತ್ತಿರ ಸಣ್ಣ ಕೋಟೆ, ಮೂರು ಹಳ್ಳಿ, ಒಂದು ಗಿರಣಿ, ದ್ರಾಕ್ಷಿ ತೋಟ. ದೊಡ್ಡ ಮನುಷ್ಯ ಅಂದರೆ ಇಷ್ಟೇ, ನಮ್ಮೂರಿನ ಗುತ್ತಿನ ಮನೆಯ ಜಮೀನುದಾರರ ಹಾಗೆ. ಚಕ್ರವರ್ತಿ ಕರೆದಾಗಲೆಲ್ಲ ಯುದ್ಧಕ್ಕೆ ಹೋಗಬೇಕು. 1477ರಲ್ಲಿ ಹಂಗೇರಿಯವರು ಹಿಡಿದು ಎರಡು ವರ್ಷ ಒತ್ತೆ ಇಟ್ಟುಕೊಂಡರು. ಬಂದ. ಮತ್ತೆ ಹೋದ. 1485ರಲ್ಲಿ ಹಂಗೇರಿಯ ರಾಜ ವಿಯೆನ್ನಾವನ್ನೇ ತೆಗೆದುಕೊಂಡಾಗ ಇವನ ಕೋಟೆಯೂ ಹೋಯಿತು. ಐದು ವರ್ಷ ಹೆಂಡತಿಯ ತವರಿನಲ್ಲಿ ಬಿದ್ದಿದ್ದ. ಕೋಟೆ ವಾಪಸು ಸಿಕ್ಕಿದ ಮರುವರ್ಷ ಸತ್ತ. ಈ ಕಲ್ಲು ಮಾಡಿಸಿದ್ದು ಹೆಂಡತಿ ಬಾರ್ಬರಾ. ಗಂಡ ಇಲ್ಲದಾಗ ಹಳ್ಳಿ, ಗಿರಣಿ, ಮಕ್ಕಳು ಎಲ್ಲ ನೋಡಿಕೊಂಡವಳೂ ಅವಳೇ. ಗಲ್ಫಿನವರ ಮನೆಯ ಕಥೆ. ವೀಸಾ ಒಂದು ಇರಲಿಲ್ಲ.

ಹಾಳೆಯಲ್ಲಿ ಒಂಬತ್ತು ಮಕ್ಕಳು ಎಂದಿದೆ. ನಾನು ಎಣಿಸಿದರೆ ಎಂಟು. ಟೈಪ್ ಮಾಡಿದವರ ತಪ್ಪು ಇರಬೇಕು.

15 ಏಪ್ರಿಲ್, ಬುಧವಾರ

ಫಿನಿಶಿಂಗ್ ಶುರು. ಸಣ್ಣ ಸಣ್ಣ ಗೀರು, ತೂತು ಎಲ್ಲ ಪುಟ್ಟಿ ತುಂಬಿ ಉಜ್ಜಿದೆ. ಮಕ್ಕಳ ಸಾಲಿನಲ್ಲಿ ನಾಲ್ಕು ಕಡೆ ಅಧಿಕ ಚಿಹ್ನೆ ಹಾಕಿಟ್ಟಿದ್ದಾರೆ, ಮೆಷಿನ್‌ನವರು. ಎಡಕ್ಕೆ ಎರಡು, ಬಲಕ್ಕೆ ಎರಡು. ಬೋಲ್ಟ್ ಹಾಕುವ ಸೆಂಟರ್ ಮಾರ್ಕ್. ನಮ್ಮ ಡ್ರಾಯಿಂಗಿನಲ್ಲೂ ಹಾಗೇ ಹಾಕುತ್ತೇವೆ. ಆದರೆ ನಮ್ಮ ಫಿಕ್ಸಿಂಗ್ ಹಿಂದಿನಿಂದ, ಮುಂದೆ ಬೋಲ್ಟ್ ಬೇಡ. ನಾಲ್ಕನ್ನೂ ನಾನೇ ಮುಚ್ಚಿದೆ. ಬೇರೆಯವರ ಕೈಗೆ ಕೊಟ್ಟರೆ ಪಕ್ಕದ ಕೂದಲೂ ಹೋಗುತ್ತಿತ್ತು. ಈಗ ಬೆರಳು ಆಡಿಸಿದರೂ ಗೊತ್ತಾಗುವುದಿಲ್ಲ.

24 ಏಪ್ರಿಲ್, ಶುಕ್ರವಾರ

ರಿತೇಶ ಅಬುಧಾಬಿಯಿಂದ ಬಂದಿದ್ದ. ಖಾಲಿದಿಯಾದಲ್ಲಿ ಅವನೂ ಅವನ ಆಫೀಸಿನ ಇಬ್ಬರೂ ಸೇರಿ ಫ್ಲ್ಯಾಟ್ ಮಾಡಿದ್ದಾರೆ. ತೆಳ್ಳಗಾಗಿದ್ದಾನೆ. ಕೋಳಿ ಸುಕ್ಕ, ನೀರುದೋಸೆ — ಹನ್ನೊಂದು ತಿಂದ. ಚಂದ್ರಮತಿ ಎಣಿಸುತ್ತಿದ್ದಳು.

ಮೂಡಬಿದ್ರೆ ತಪ್ಪಿದ್ದಕ್ಕೆ ಅವನಿಗೇನೂ ಬೇಜಾರಿಲ್ಲ. “ಓನ್ಲಿ ಚೈಲ್ಡ್ ಆಗಿರುವುದೇ ಪ್ರಾಬ್ಲಮ್, ಅಮ್ಮ. ಫುಲ್ ಪ್ರೆಶರ್ ಆನ್ ಮಿ. ಇನ್ನೊಬ್ಬರು ಇದ್ದಿದ್ರೆ ನೀವು ಅವರ ಹಿಂದೆ ಬೀಳ್ತಿದ್ರಿ.”

ಚಂದ್ರಮತಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ನನ್ನ ಕಡೆ ನೋಡಿದಳು. ನಾನು ಟಿವಿ ಜೋರು ಮಾಡಿದೆ.

ಅವನು ಹೊರಟ ಮೇಲೆ ಹೇಳಿದಳು, “ನಾನು ಹೇಳ್ತಿದ್ದೆ ಇವತ್ತು. ನಿಮ್ಮ ಮುಖ ನೋಡಿ ಬಿಟ್ಟೆ.” ಪಾತ್ರೆ ತೊಳೆಯುತ್ತ ಹೇಳಿದ್ದು. ನಲ್ಲಿ ನಿಲ್ಲಿಸಲೂ ಇಲ್ಲ.

10 ಮೇ, ಭಾನುವಾರ

ಕಳೆದ ವಾರ ಅಚ್ಚು ಬಿಚ್ಚಿದೆವು. ಒಂದು ಗುಳ್ಳೆ ಇಲ್ಲ! ಇಪ್ಪತ್ತೇಳು ವರ್ಷದಲ್ಲಿ ಇಷ್ಟು ದೊಡ್ಡದು ಇಷ್ಟು ಶುದ್ಧವಾಗಿ ಬಂದದ್ದು ಇದೇ ಮೊದಲು. ಆಮೇಲೆ ಮೂರು ದಿನ ಬಣ್ಣ, ಇವತ್ತು ಮುಗಿಯಿತು. ಕೆಂಪು, ಅದರಲ್ಲಿ ಬಿಳಿ ನರ, ಎಲ್ಲೆಲ್ಲೋ ಬೂದು. ಅಲಿಕುಂಞಿ ಸಾಹೇಬರು ಸುತ್ತು ಹಾಕಿ ನೋಡಿ, ಬೆರಳಿನಿಂದ ತಟ್ಟಿ, “ಇದು ಕಲ್ಲಲ್ಲ ಅಂತ ಯಾವ ಬಡ್ಡಿಮಗ ಹೇಳ್ತಾನೆ ನೋಡುವ” ಅಂದರು. ಸಂತೋಷ ಆಯಿತು, ಸುಳ್ಳು ಯಾಕೆ ಹೇಳಲಿ. ಬುಧವಾರ ಎಕ್ಸಿಬಿಷನ್‌ನ ಮೇಡಂ ನೋಡಲು ಬರುತ್ತಾರೆ.

13 ಮೇ, ಬುಧವಾರ

ಮರ್ಯಾದೆ ಹೋಯಿತು.

ಮೇಡಂ ಹೆಸರು ಮಾರ್ಟಿನಾ. ಆಸ್ಟ್ರಿಯಾದವರು, ಐವತ್ತರ ಮೇಲಿನ ಪ್ರಾಯ. ಬಂದವರೇ ಬ್ಯಾಗು ಕೆಳಗಿಟ್ಟು ಕಲ್ಲಿನ ಎದುರು ನಿಂತರು. ಬ್ಯೂಟಿಫುಲ್, ಬ್ಯೂಟಿಫುಲ್ ಅಂದರು. ಆಮೇಲೆ ಬಗ್ಗಿದರು. ಮಕ್ಕಳ ತಲೆಯ ಮೇಲೆ ಬೆರಳು ಆಡಿಸಿದರು. ಒಂದು, ಎರಡು... ಬೆರಳು ಹಿಂದೆ ಹೋಯಿತು, ಮತ್ತೆ ಬಂತು. ಮುಖದ ಬಣ್ಣ ಇಳಿಯಿತು.

“ವೇರ್ ಆರ್ ದ ಕ್ರಾಸಸ್?”

ಅರ್ಥ ಆಗಲಿಲ್ಲ. ಫೋನಿನಲ್ಲಿ ಮೂಲ ಕಲ್ಲಿನ ಫೋಟೋ ತೆಗೆದು ತೋರಿಸಿದರು. ಆ ನಾಲ್ಕು ಗುರುತು. ಐನೂರು ವರ್ಷದಿಂದ ಅಲ್ಲೇ ಇವೆ. ಮೆಷಿನ್‌ನವರು ಹಾಕಿದ್ದಲ್ಲ.

ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಸುಲಭ ಆಗುತ್ತಿತ್ತು. ನಿಧಾನವಾಗಿ ವಿವರಿಸಿದರು. ಆ ಕಾಲದಲ್ಲಿ ಅಲ್ಲಿ ಹಾಗೆ ಪದ್ಧತಿಯಂತೆ. ಕಲ್ಲಿನಲ್ಲಿ ಕುಟುಂಬ ಕೊರೆಯುವಾಗ ಹುಟ್ಟಿದ ಎಲ್ಲ ಮಕ್ಕಳನ್ನೂ ಕೊರೆಯಬೇಕು. ಬದುಕಿದವರು, ಸತ್ತವರು, ಒಂದೇ ಸಾಲು. ಅಪ್ಪ ಅಮ್ಮನಿಗಿಂತ ಮೊದಲು ಹೋದವರ ತಲೆಯ ಮೇಲೆ ಮಾತ್ರ ಸಣ್ಣ ಶಿಲುಬೆ.

“ನೀವು ನಾಲ್ಕು ಮಕ್ಕಳನ್ನು ಬದುಕಿಸಿಬಿಟ್ಟಿರಿ,” ಅಂದರು ಇಂಗ್ಲಿಷಿನಲ್ಲಿ. ನಗಲಿಲ್ಲ.

ಮೂರು ಶಿಲುಬೆ ಮೂರು ತಲೆಗೆ. ನಾಲ್ಕನೆಯದು ಯಾರ ತಲೆಯ ಮೇಲೂ ಇರಲಿಲ್ಲವಲ್ಲ ಎಂದೆ. ತಾಯಿಯ ಮಂಡಿಯ ಹತ್ತಿರ, ಆ ದಿಂಬಿನ ಮೇಲೆ ಇತ್ತು.

“ದಟ್ ಈಸ್ ನಾಟ್ ಎ ಪಿಲ್ಲೋ,” ಅಂದರು.

ಕೂತು ನೋಡಿದೆ. ಬಟ್ಟೆಯಲ್ಲಿ ಸುತ್ತಿ, ಮೇಲಿಂದ ದಾರ ಕಟ್ಟಿದ ಕೂಸು. ತುದಿಯಲ್ಲಿ ಹೆಬ್ಬೆರಳಿನಷ್ಟು ಮುಖ. ಒಂದು ತಿಂಗಳು ಅದರ ಮೇಲೆ ಮರಳು ಕಾಗದ ಉಜ್ಜಿದ್ದೇನೆ. ಮಗು ಎಂದು ಕಾಣಲಿಲ್ಲ. ಒಂಬತ್ತನೆಯದು ಅಲ್ಲೇ ಇತ್ತು.

ಮೇಡಂ ಹೋದ ಮೇಲೆ ಅಲಿಕುಂಞಿ ಸಾಹೇಬರು, “ಎಂತ ಮಾರಾಯ್ರೆ, ಒಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ?” ಎಂದಷ್ಟೇ ಅಂದರು. ನನ್ನ ಮುಖ ನೋಡಿ ಚಹಾ ತರಿಸಿದರು. ಕುಡಿಯಲಿಲ್ಲ.

14 ಮೇ, ಗುರುವಾರ

ನಾಲ್ಕು ಸಣ್ಣ ಶಿಲುಬೆ. ಅರ್ಧ ಗಂಟೆಯ ಕೆಲಸ. ಇಡೀ ದಿನ ಹಿಡಿಯಿತು.

ಮಾರ್ಟಿನಾ ಮೇಡಂ ಪಕ್ಕದಲ್ಲೇ ಸ್ಟೂಲು ಹಾಕಿ ಕೂತಿದ್ದರು, ಫೋಟೋ ಹಿಡಿದುಕೊಂಡು. ಒಂದೊಂದು ಕೊರೆಯುವಾಗಲೂ ಹೇಳುತ್ತಿದ್ದರು. ಇವನು ಯೋರ್ಗ್, ಆರು ವರ್ಷ, ಗಿರಣಿಯ ನೀರಿಗೆ ಬಿದ್ದ. ಇವನು ಲಿಯೊನ್‌ಹಾರ್ಡ್, ಹದಿನೇಳು, ಅಪ್ಪನ ಜೊತೆ ಮೊದಲ ಸಲ ಯುದ್ಧಕ್ಕೆ ಹೋದದ್ದು. ಇವಳು ಆಗ್ನೆಸ್, ಜ್ವರ. ಹೆಸರು ಕೇಳಿದ ಮೇಲೆ ಮುಖ ಎಲ್ಲ ಒಂದೇ ಎಂದು ಕಾಣುವುದಿಲ್ಲ. ಏನು ವಿಚಿತ್ರ.

ಕೂಸಿನ ಹತ್ತಿರ ಬಂದಾಗ ಕೇಳಿದೆ, ಇದಕ್ಕೆ?

“ಹೆಸರು ಸಿಕ್ಕಿಲ್ಲ. 1478. ಹನ್ನೆರಡು ದಿನ ಇದ್ದಳು. ಕೊನ್ರಾಡ್ ಆಗ ಹಂಗೇರಿಯಲ್ಲಿ ಒತ್ತೆ. ಬರುವಾಗ ಒಂದು ವರ್ಷ ಆಗಿತ್ತು. ಅವನು ನೋಡಿಲ್ಲ ಇವಳನ್ನು.”

ಉಳಿ ಕೆಳಗಿಟ್ಟೆ.

ನೋಡದಿದ್ದರೆ ಕಲ್ಲಿನಲ್ಲಿ ಯಾಕೆ ಇದ್ದಾಳೆ ಎಂದು ಕೇಳಿದೆ. ದನಿ ಸ್ವಲ್ಪ ಜೋರಾಯಿತೇನೋ. ಬಾರ್ಬರಾ ಶಿಲ್ಪಿಗೆ ಬರೆಸಿದ ಕಾಗದ ಇದೆಯಂತೆ. ನನ್ನ ಗಂಡನಿಗೆ ಒಂಬತ್ತು ಮಕ್ಕಳು, ಒಂದನ್ನೂ ಬಿಡಬೇಡ ಎಂದು ಬರೆಸಿದ್ದಾಳೆ.

“ಹರ್ ಹಸ್ಬೆಂಡ್ಸ್ ಚಿಲ್ಡ್ರನ್,” ಅಂದರು ಮೇಡಂ. “ಅವಳು ನನ್ನ ಮಕ್ಕಳು ಅನ್ನುವುದಿಲ್ಲ, ನೋಡಿ.”

ಕಣ್ಣಿಗೆ ಧೂಳು ಹೋಯಿತೆಂದು ಹೇಳಿ ಹೊರಗೆ ಹೋದೆ. ನಲ್ಲಿಯ ಹತ್ತಿರ ನಿಂತು ಅತ್ತೆ. ಐವತ್ತೆಂಟು ವರ್ಷದ ಗಂಡಸು, ಶೆಡ್ಡಿನ ಹಿಂದೆ, ಮಟಮಟ ಮಧ್ಯಾಹ್ನ. ಅಲಿಕುಂಞಿ ಸಾಹೇಬರು ನೋಡಿದರು. ಹತ್ತಿರ ಬಂದು ನಿಂತರು. ಅವರಿಗೆ ಮಾತ್ರ ಗೊತ್ತು — ಆ ಟೆಲಿಗ್ರಾಂ ನನ್ನ ಕೈಗೆ ಕೊಟ್ಟವರೇ ಅವರು.

ಆಮೇಲೆ ಅಂದರು, “ನನ್ನತ್ರ ಯಾರಾದ್ರೂ ಕೇಳಿದ್ರೆ ಮಕ್ಕಳು ನಾಲ್ಕು ಅಂತೇನೆ. ಹೆಂಡತಿ ಬೀಯಮ್ಮ ಐದು ಅಂತಾಳೆ. ಮೊದ್ಲು ಮೊದ್ಲು ಜಗಳ ಮಾಡ್ತಿದ್ದೆ.”

“ಈಗ?”

“ಈಗ ಅವಳು ಇರುವಾಗ ನಾನೂ ಐದು ಅಂತೇನೆ.”

ಒಳಗೆ ಹೋಗಿ ನಾಲ್ಕನೆಯದನ್ನು ಕೊರೆದೆ.

29 ಮೇ, ಶುಕ್ರವಾರ

ಹದಿನೈದು ದಿನ ಏನೂ ಬರೆಯಲಿಲ್ಲ. ಕಲ್ಲು ಅಬುಧಾಬಿಗೆ ಹೋಯಿತು. ಹುಡುಗರಿಗೆ ಒಬ್ಬೊಬ್ಬನಿಗೂ ಜೋಪಾನ ಎಂದು ಹೇಳಿ, ಹೊದಿಕೆ ಸುತ್ತಿ, ನಾನೇ ಲಾರಿಗೆ ಏರಿಸಿದೆ. ಫಿಕ್ಸ್ ಮಾಡಲು ಬೇರೆಯವರು ಹೋದರು.

ಇವತ್ತು ಬೆಳಿಗ್ಗೆ ಚಂದ್ರಮತಿ ನೆಲದ ಮೇಲೆ ಪೇಪರ್ ಹಾಸಿ ಬಸಳೆ ಹೆಚ್ಚುತ್ತಿದ್ದಳು. ಎದುರು ಹೋಗಿ ಕೂತೆ. ಹೇಗೆ ಕೇಳಬೇಕೆಂದು ಎರಡು ವಾರ ಯೋಚಿಸಿದ್ದೆಲ್ಲ ಮರೆತುಹೋಯಿತು.

“ಅದರ ಮುಖ ಹೇಗಿತ್ತು?”

“ಯಾರದ್ದು?”

“ಮೊದಲನೆಯದರದ್ದು.”

ಚೂರಿ ನಿಂತಿತು. ತಲೆ ಎತ್ತಲಿಲ್ಲ. “ಇಪ್ಪತ್ತಾರು ವರ್ಷ ಬೇಕಾಯ್ತಾ ನಿಮಗೆ ಇದು ಕೇಳ್ಲಿಕ್ಕೆ?”

ಹೆಚ್ಚಿದ ಬಸಳೆಯನ್ನು ಒಂದು ಬದಿಗೆ ಸರಿಸಿದಳು.

“ನೀವು ಬರುವಾಗ ಕೇಳ್ತೀರಿ ಅಂತ ಕಾದಿದ್ದೆ. ಹದಿನಾಲ್ಕು ತಿಂಗಳು ದಿನಾ ಮನಸ್ಸಲ್ಲಿ ಬರೆದಿಟ್ಟುಕೊಂಡಿದ್ದೆ, ಹೀಗೆ ಇತ್ತು, ಹಾಗೆ ಇತ್ತು, ಮರೀಬಾರ್ದು, ಹೇಳ್ಬೇಕಲ್ಲ ಅಂತ. ನೀವು ಬಂದ್ರಿ. ಸೆಂಟು, ಸೋಪು, ಟೇಪ್ ರೆಕಾರ್ಡರ್ ತಂದ್ರಿ. ಕೇಳ್ಳಿಲ್ಲ.”

“ಹೆದರಿಕೆ ಆಯ್ತು, ಚಂದ್ರ.”

“ನನಗೆ ಆಗ್ಲಿಲ್ವಾ?”

ಮತ್ತೆ ಹೆಚ್ಚತೊಡಗಿದಳು. ಬೇಕಾದ್ದಕ್ಕಿಂತ ಸಣ್ಣಗೆ. ಊಟ ಆಯಿತು. ಕೈ ತೊಳೆಯುವಾಗ ನನ್ನ ಬೆನ್ನಿಗೆ ಹೇಳಿದಳು — “ಕಿವಿ ನಿಮ್ಮದೇ. ಮೇಲೆ ಸ್ವಲ್ಪ ಮಡಚಿದ ಹಾಗೆ.”

ಕನ್ನಡಿಯಲ್ಲಿ ನೋಡಿಕೊಂಡೆ. ಹೌದು, ಮಡಚಿದೆ. ಇಷ್ಟು ವರ್ಷ ಗಮನಿಸಿರಲಿಲ್ಲ.

5 ಜೂನ್, ಶುಕ್ರವಾರ

ಅಬುಧಾಬಿಗೆ ಹೋದೆವು. ರಿತೇಶನೇ ಎಕ್ಸಿಬಿಷನ್‌ಗೆ ಕರೆದುಕೊಂಡು ಹೋದ. ನಮ್ಮ ಕಲ್ಲು ಒಳ್ಳೆಯ ಬೆಳಕಿನಲ್ಲಿ ನಿಂತಿದೆ. ಜನ ಕತ್ತಿಯ ಹತ್ತಿರವೇ ಜಾಸ್ತಿ. ಇಲ್ಲಿ ನಾವು ಮೂವರೇ.

ಅಲ್ಲೇ ಹೇಳಿದೆ. ಮನೆಯಲ್ಲಾದರೆ ಮತ್ತೆ ಟಿವಿ ಜೋರು ಮಾಡುತ್ತಿದ್ದೆ. ಮೊದಲು ಕೊನ್ರಾಡನ ಮಕ್ಕಳ ವಿಷಯ, ಶಿಲುಬೆಯ ವಿಷಯ, ನಾನು ಮುಚ್ಚಿದ್ದು, ತೆರೆದದ್ದು. ಆಮೇಲೆ — ನಿನಗಿಂತ ಮೊದಲು ಒಬ್ಬಳು ಇದ್ದಳು.

ಅಮ್ಮನ ಮುಖ ನೋಡಿದ. “ಸೀರಿಯಸ್ಲಿ? ಐ ಆಮ್ ಟ್ವೆಂಟಿಫೋರ್, ಪಪ್ಪ. ಈಗ ಹೇಳ್ತೀರಾ?” ಆ ಕಡೆ ನಡೆದುಹೋದ. ಗಾಜಿನ ಪೆಟ್ಟಿಗೆಯ ಎದುರು ನಮಗೆ ಬೆನ್ನು ಹಾಕಿ ನಿಂತ. ಹೋಗಿ ಕರೆಯಬೇಕೆಂದು ಕಾಲು ಎತ್ತಿದೆ. ಚಂದ್ರಮತಿ ಕೈ ಹಿಡಿದಳು. “ಇರ್ಲಿ.”

ಐದು ನಿಮಿಷವೋ ಹತ್ತೋ. ವಾಪಸು ಬಂದ. ಬಗ್ಗಿ ಆ ಕೂಸನ್ನು ನೋಡಿದ.

“ಸೋ ಐ ಆಮ್ ದ ಸೆಕೆಂಡ್ ಒನ್.”

“ಹ್ಞೂಂ.”

“ವಾಟ್ ವಾಸ್ ಹರ್ ನೇಮ್?”

ಇಟ್ಟಿಲ್ಲ ಮಗ, ಒಂಬತ್ತೇ ದಿನ ಎಂದೆ. ಚಂದ್ರಮತಿ ನಡುವೆ ಬಾಯಿ ಹಾಕಿದಳು. “ಭವ್ಯ.”

ಇಬ್ಬರೂ ಅವಳ ಕಡೆ ತಿರುಗಿದೆವು.

“ಭವ್ಯಶ್ರೀ ಅಂತ ಇಡ್ಬೇಕು ಅಂತ ಇತ್ತು ನನಗೆ. ಯಾರೂ ಇಡ್ಲಿಲ್ಲ. ನಾನೊಬ್ಬಳೇ ಇರುವಾಗ ಭವ್ಯ ಅಂತ ಕರೆಯುದು.”

ಯಾವಾಗ ಎಂದೆ. ನೀವು ಡ್ಯೂಟಿಗೆ ಹೋದ ಮೇಲೆ, ಎಂದಳು. ಅಲ್ ಕುಸೈಸಿನ ಆ ಒಂದು ಬೆಡ್‌ರೂಮಿನ ಮನೆಯಲ್ಲಿ ನನಗೆ ಗೊತ್ತಿಲ್ಲದ ಹೆಸರೊಂದು, ಅವಳು ಊರಿನಿಂದ ಬಂದ ಲಾಗಾಯ್ತು, ಹತ್ತೊಂಬತ್ತು ವರ್ಷದಿಂದ ಇದೆ. ನಾನು ದಿನಾ ಸಂಜೆ ಆರಕ್ಕೆ ಬೆಲ್ ಮಾಡುತ್ತೇನೆ. ಅಷ್ಟರಲ್ಲಿ ಅವಳು ಕರೆದು ಮುಗಿಸಿರುತ್ತಾಳೆ.

ಕಾರಿನಲ್ಲಿ ಕುಲೆ ಮದುವೆಯ ವಿಷಯ ಅವಳೇ ಹೇಳಿದಳು. ರಿತೇಶ ನಗುತ್ತಾನೆ ಎಂದುಕೊಂಡಿದ್ದೆ. ಸಿಗ್ನಲ್ ಹಸಿರಾದರೂ ಗಾಡಿ ಬಿಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. “ನನ್ನ ಮದುವೆ ಆಗ್ಲಿ ಅಂತ ಮಾಡುದಾದ್ರೆ ಬೇಡ,” ಅಂದ. “ಅವಳಿಗೆ ಅಂತ ಮಾಡುದಾದ್ರೆ ಐ ವಿಲ್ ಟೇಕ್ ಲೀವ್. ತಮ್ಮ ಇರ್ಬೇಕಲ್ಲ ಒಬ್ಬ.”

ಚಂದ್ರಮತಿ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಹೇಳಿದೆ, “ಧಾರೆ ನಾನು ಎರೀತೇನೆ.”

21 ಜೂನ್, ಭಾನುವಾರ

ರಂಜಾನ್ ಟೈಮಿಂಗ್. ಎರಡಕ್ಕೆ ಡ್ಯೂಟಿ ಮುಗಿಯುತ್ತದೆ. ಲೀವ್ ಫಾರ್ಮ್ ತುಂಬಿಸಿ ಕೊಟ್ಟೆ. ಕಾರಣ ಎಂಬಲ್ಲಿ ಮಗಳ ಮದುವೆ ಎಂದು ಬರೆದೆ. ಅಲಿಕುಂಞಿ ಸಾಹೇಬರು ಓದಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿದರು. ಸಹಿ ಮಾಡಿ, “ಬೀಯಮ್ಮನ ಕಡೆಯಿಂದ ಒಂದು ಸೀರೆ ಉಂಟು, ಮರೀಬೇಡಿ” ಅಂದರು.

ಭಾವ ಫೋನ್ ಮಾಡಿದ್ದರು. ಜುಲೈ ಇಪ್ಪತ್ತಾರು ನಿಶ್ಚಯ ಆಯಿತು. ಹೆಸರಿಡದ ಮಗುವಾದ್ದರಿಂದ ಬೆಳಿಗ್ಗೆ ನಾಮಕರಣ, ಆಮೇಲೆ ಮದುವೆ. ವಿಟ್ಲದ ಆ ಹುಡುಗನ ತಾಯಿ ಇನ್ನೂ ಇದ್ದಾರಂತೆ. ಹುಡುಗಿ ಹೇಗಿದ್ದಳು ಎಂದು ಕೇಳಿದರಂತೆ. ಭಾವನಿಗೆ ಹೇಳಲು ಗೊತ್ತಿಲ್ಲ. ನಾನು ಹೇಳುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು, ನನಗೂ ಕಿವಿ ಒಂದೇ ಗೊತ್ತಿರುವುದು.

17 ಜುಲೈ, ಶುಕ್ರವಾರ, ಮಧ್ಯಾಹ್ನ 3

ಇವತ್ತು ಈದ್. ಊರಿನಲ್ಲಿ ಇವತ್ತೇ ಆಟಿ ಶುರು. ಸೋಮವಾರ ಫ್ಲೈಟ್. ಸಾಹೇಬರ ಮನೆಯಿಂದ ಬಿರಿಯಾನಿ ಬಂತು, ಜೊತೆಗೆ ಸೀರೆ. ಮದುಮಗಳಿಗೆ ತಕ್ಕ ಕೆಂಪು. ಬೀಯಮ್ಮ ಆರಿಸಿದ್ದಂತೆ.

ವರ್ಕ್‌ಶಾಪಿನಿಂದ ಸ್ವಲ್ಪ ಮಾಡೆಲಿಂಗ್ ಮಣ್ಣು ತಂದಿದ್ದೆ. ಮಣೆಯ ಮೇಲೆ ಇಡಲು ಪೇಟೆಯ ಬೊಂಬೆ ಬೇಡ ಎಂದೆ. ನನ್ನ ಕೈಯಲ್ಲಿ ಕುದುರೆ ಆಗಿದೆ, ತಾಳೆಮರ ಆಗಿದೆ, ಆಸ್ಟ್ರಿಯಾದವನ ಒಂಬತ್ತು ಮಕ್ಕಳು ಆಗಿದ್ದಾರೆ.

ಊಟ ಆದ ಮೇಲೆ ಅಡುಗೆಮನೆಯ ಮೇಜಿಗೆ ಪ್ಲಾಸ್ಟಿಕ್ ಹಾಸಿ ಕೂತೆವು. ಮೊದಲು ಮದುಮಗಳ ಪ್ರಾಯದ ಮುಖ ಮಾಡಲು ನೋಡಿದೆ. ಆಗಲಿಲ್ಲ. “ನನಗೆ ಗೊತ್ತಿರುವುದನ್ನು ಮಾಡಿ,” ಅಂದಳು ಚಂದ್ರಮತಿ. ಒಂಬತ್ತು ದಿನದ ಮುಖ. ಅವಳು ಹೇಳುತ್ತಾಳೆ, ನಾನು ಒತ್ತುತ್ತೇನೆ. ಹಣೆ ಅಷ್ಟು ಅಗಲ ಇಲ್ಲ. ಮೂಗು ಚಪ್ಪಟೆ, ಇನ್ನೂ, ಇನ್ನೂ ಸ್ವಲ್ಪ. ಕೆಳತುಟಿ ಒಳಗೆ, ಹಾಲು ಕುಡಿದು ಮಲಗಿದ ಹಾಗೆ. ಗಲ್ಲದಲ್ಲಿ ಸಣ್ಣ ಗುಳಿ. “ಅಮ್ಮನ ಹತ್ತಿರವೂ ಉಂಟಲ್ಲ ಅದು, ನಿಮ್ಮ ಅಮ್ಮನ ಹತ್ತಿರ.” ಒಂದು ಮಾತಿಗೂ ಯೋಚನೆ ಮಾಡಲಿಲ್ಲ. ಒಂದನ್ನೂ ಮರೆತಿಲ್ಲ.

ಒಮ್ಮೆ ಅವಳೇ ಕೈ ಚಾಚಿ ಕೆನ್ನೆ ಸರಿಮಾಡಿದಳು. ಬೆರಳ ಗುರುತು ಹಾಗೇ ಬಿದ್ದಿದೆ. ಉಜ್ಜಲಿಲ್ಲ ನಾನು. ಎರಡು ಗಂಟೆ ಹಿಡಿಯಿತು. ಅಂಗೈಯಲ್ಲಿ ಎತ್ತಿ ಹಿಡಿದೆ. ಕತ್ತಿನ ಹಿಂದೆ ಕೈ ಕೊಡಿ, ಎಂದಳು, ಹಾಗೆ ಹಿಡಿಯುದಲ್ಲ. ಕೊಟ್ಟೆ.

ಇವಳನ್ನು ನಾನು ಈಗ ನೋಡಿದ್ದೇನೆ.

ಕೈ ತೊಳೆದು ಬಂದು ಬರೆಯುತ್ತಿದ್ದೇನೆ, ಮಣ್ಣು ಉಗುರಿನಲ್ಲಿ ಇನ್ನೂ ಇದೆ. ಚಂದ್ರಮತಿ ಕರೆಯುತ್ತಿದ್ದಾಳೆ. ಎಡಗಿವಿ ಸರಿ ಬಂದಿಲ್ಲವಂತೆ, ಮಡಚಿದ್ದು ಸಾಲದಂತೆ. ನನ್ನ ಕಿವಿ ನೋಡಿ ಮಾಡಬೇಕಂತೆ, ಹತ್ತಿರ ಬಂದು ಕೂರಿ ಅನ್ನುತ್ತಾಳೆ. ಬಂದೆ ಎಂದೆ. ಭವ್ಯಳ ಕಿವಿ ಮಾಡಿ ಮುಗಿಸಬೇಕು.